ಮಂಡಕಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಮೈಸೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶಮಾರ್ಗದ ದೂರ ಸುಮಾರು 14,100 ಕಿಲೋಮೀಟರ್. ನ್ಯೂಯಾರ್ಕಿಗೆ 13,400. ಲಂಡನ್ನಿಗೆ 8,050. ದುಬೈಗೆ 2,660. ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ವಿಜಯನಗರ ಹೀಗೆ ಯಾವ ಬಡಾವಣೆಗೆ ಹೋದರೂ ಈ ನಾಲ್ಕರ ಪೈಕಿ ಒಂದೂರಿಗೆ ಮಗನನ್ನೋ ಮಗಳನ್ನೋ ಕಳಿಸಿ ಕೂತಿರುವ ಮನೆಗಳಿವೆ. ಮಗಳ ಬಾಣಂತನಕ್ಕೆಂದು ಹೊರಟ ತಾಯಿ ಹುಳಿಪುಡಿ, ಚಟ್ನಿಪುಡಿ, ಅಂಟಿನುಂಡೆಗಳನ್ನು ತೂಗಿ ತೂಗಿ 23 ಕಿಲೋದ ಪೆಟ್ಟಿಗೆಗೆ ತುಂಬುವಾಗ ಅವರ ಮನಸ್ಸಿನಲ್ಲಿರುವುದು ಕಿಲೋಮೀಟರಿನ ಲೆಕ್ಕವಲ್ಲ. ‘ಅಲ್ಲಿಗೆ ಎಷ್ಟು ಹೊತ್ತಾಗುತ್ತೆ?’ ಅನ್ನುವುದೊಂದೇ ಪ್ರಶ್ನೆ.

ಕೇಳಿದರೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೆಂಗಳೂರಿನಿಂದ ವಿಮಾನ ನೇರ ಹಾರಿದರೆ ಹೋಗುವಾಗ ಹದಿನಾರು ಗಂಟೆ, ಬರುವಾಗ ಹದಿನೇಳೂವರೆ. ಊರಿಂದೂರಿಗೆ ದೂರ ಎಷ್ಟೆಂದು ಹೇಳುವ ಜಾಲತಾಣಗಳು ಮೈಸೂರಿನಿಂದಲೇ ಹದಿನಾರು–ಹದಿನೆಂಟು ಗಂಟೆ ಎಂದು ತೋರಿಸುತ್ತವೆ. ಊರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಿಂದ ಅಂಥ ವಿಮಾನ ಹಾರುವುದೇ ಇಲ್ಲ. ಆ ಜಾಲತಾಣಗಳು ದೂರವನ್ನು ಗಂಟೆಗೆ ಎಂಟುನೂರು–ಒಂಬೈನೂರು ಕಿಲೋಮೀಟರ್ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ಇನ್ನು ಹೋಗಿಬಂದ ನೆರೆಮನೆಯವರನ್ನು ಕೇಳಿ. ‘ಒಂದು ದಿನದ ಮೇಲೆ ಬೇಕು’ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ದೂರವನ್ನು ಅಳೆಯುತ್ತಿದ್ದಾರೆ ಅಷ್ಟೆ. ಆ ದೂರಗಳನ್ನು ಬಿಡಿಸಿ ನೋಡಿದರೆ ಮೈಸೂರಿನವರಿಗೆ ನಿಜವಾಗಿ ತಡವಾಗುತ್ತಿರುವುದು ಎಲ್ಲಿ ಎಂಬುದೂ ಗೊತ್ತಾಗುತ್ತದೆ.

ಮೊದಲು 14,100 ಎಂಬ ಅಂಕಿ ಎಲ್ಲಿಂದ ಬಂತು ನೋಡೋಣ. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಕೋಲು ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕದ ಉತ್ತರ ಭಾಗ, ಅಟ್ಲಾಂಟಿಕ್ ಸಾಗರ, ಅಮೆರಿಕದ ಉದ್ದಗಲ ದಾಟಿ ಪಶ್ಚಿಮ ಕರಾವಳಿಗೆ ಮುಟ್ಟುತ್ತದೆ. ಭೂಪಟ ಮಟ್ಟಸ, ಭೂಮಿ ದುಂಡಗೆ. ಹಾಗಾಗಿ ಆ ಗೆರೆ ಹತ್ತಿರದ ದಾರಿಯಲ್ಲ. ಮಕ್ಕಳ ಮೇಜಿನ ಮೇಲಿರುವ ಗ್ಲೋಬನ್ನು ಕೆಳಗಿಳಿಸಿ. ಒಂದು ದಾರ ತೆಗೆದುಕೊಂಡು ಅದರ ಒಂದು ತುದಿಯನ್ನು ಮೈಸೂರಿನ ಮೇಲೆ ಒತ್ತಿಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಸರಿದು ಉತ್ತರಕ್ಕೆ ಹೋಗಿ ಕೂರುತ್ತದೆ. ಪಶ್ಚಿಮಕ್ಕೂ ಅಲ್ಲ, ಪೂರ್ವಕ್ಕೂ ಅಲ್ಲ, ಕೊಂಚ ಪೂರ್ವಕ್ಕೆ ವಾಲಿದ ಉತ್ತರಕ್ಕೆ.

ಆ ದಾರದ ಕೆಳಗೆ ಏನೇನಿದೆ ಎಂದು ಬೆರಳಿಟ್ಟು ನೋಡುತ್ತ ಹೋಗಿ. ಮೈಸೂರು ಬಿಟ್ಟ ಮೇಲೆ ಸಿಗುವ ಮೊದಲ ಮಹಾನಗರ ಹೈದರಾಬಾದ್. ಮುಂದೆ ಪ್ರಯಾಗರಾಜದ ಆಸುಪಾಸು. ನೇಪಾಳದ ಪಶ್ಚಿಮ ಭಾಗ. ಆಮೇಲೆ ಟಿಬೆಟ್, ಚೀನಾದ ಮರುಭೂಮಿ, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ. ರಷ್ಯಾದ ಈಶಾನ್ಯ ಮೂಲೆಯಲ್ಲಿ ದಾರ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಆರ್ಕ್ಟಿಕ್ ಸಾಗರದ ದಡ ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಇಳಿಜಾರಾಗಿ ಕ್ಯಾಲಿಫೋರ್ನಿಯಾ. ದಾರಿಯುದ್ದಕ್ಕೂ ಅಟ್ಲಾಂಟಿಕ್ ಸಾಗರದ ಒಂದು ಹನಿಯೂ ಸಿಗುವುದಿಲ್ಲ! ಮೈಸೂರಿನಿಂದ ಅಮೆರಿಕ ಪಶ್ಚಿಮಕ್ಕಿದೆ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದು ನಮ್ಮ ಉತ್ತರಕ್ಕಿರುವ ಊರು.

ಗೋಲದ ಮೇಲಿನ ದೂರವನ್ನು ಲೆಕ್ಕ ಹಾಕುವುದೂ ಕಷ್ಟವಲ್ಲ. ಈ ಎರಡು ಊರುಗಳ ನಡುವೆ ಭೂಮಿಯ ಕೇಂದ್ರದಲ್ಲಿ ಏರ್ಪಡುವ ಕೋನ ಸುಮಾರು 127 ಡಿಗ್ರಿ. ಒಂದು ಡಿಗ್ರಿಗೆ ನೆಲದ ಮೇಲೆ 111 ಕಿಲೋಮೀಟರ್. ಗುಣಿಸಿದರೆ 14,100 ಬಂತು. ಭೂಮಿಯ ಮೇಲೆ ಯಾವ ಎರಡು ಸ್ಥಳಗಳೂ 180 ಡಿಗ್ರಿಗಿಂತ, ಅಂದರೆ ಇಪ್ಪತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಮೈಸೂರಿಗೆ ತೀರ ಎದುರು ಬದಿಯ ಜಾಗ ಪೆರು ದೇಶದ ಪಶ್ಚಿಮಕ್ಕೆ ಪೆಸಿಫಿಕ್ ನಡುಗಡಲಿನಲ್ಲಿದೆ. ಅಲ್ಲಿ ಊರೂ ಇಲ್ಲ, ದ್ವೀಪವೂ ಇಲ್ಲ.

ಈ 111 ಎಂಬ ಸಂಖ್ಯೆಗೂ ಮೈಸೂರಿಗೂ ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಒಂದು ರಾತ್ರಿ ಕತ್ತಲಲ್ಲಿ ನಡೆಯುತ್ತಿದ್ದ ತುಕಡಿ ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ನೇರ ಟಿಪ್ಪುವಿನ ಸೈನ್ಯದ ಕಡೆಗೇ ಹೋಗುತ್ತಿದೆ ಎಂಬುದನ್ನು ಆತ ನಕ್ಷತ್ರ ನೋಡಿ ಕಂಡುಹಿಡಿದ ಎಂಬ ಪ್ರಸಂಗ ಪ್ರಸಿದ್ಧ. ಟಿಪ್ಪು ಮಡಿದು ರಾಜ್ಯ ಕೈಬದಲಾದ ಮೇಲೆ ಮೈಸೂರು ಸೀಮೆಯನ್ನು ಕರಾವಳಿಯಿಂದ ಕರಾವಳಿಗೆ ಅಳೆಯುವ ಯೋಜನೆಯನ್ನು ಮುಂದಿಟ್ಟವನೂ ಅವನೇ. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಒಂದು ನೇರ ರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನಲ್ಲಿ ಇನ್ನೊಂದು. ಅಲ್ಲಿಂದ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ತ್ರಿಕೋನ ಹೂಡುತ್ತ ಹೋದ ಆ ಕೆಲಸವೇ ಮುಂದೆ ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ, 78 ಡಿಗ್ರಿ ರೇಖಾಂಶದ ಗುಂಟ ಸುಮಾರು 2,400 ಕಿಲೋಮೀಟರ್ ಬೆಳೆಯಿತು.

ಅಷ್ಟು ಕಷ್ಟಪಟ್ಟಿದ್ದು ಬರೀ ನಕ್ಷೆ ಬರೆಯುವುದಕ್ಕಲ್ಲ. ಭೂಮಿ ಎಲ್ಲೆಲ್ಲಿ ಎಷ್ಟೆಷ್ಟು ಬಾಗಿದೆ, ಒಂದು ಡಿಗ್ರಿಗೆ ನೆಲದ ಮೇಲೆ ಎಷ್ಟು ಉದ್ದ ಎಂದು ತಿಳಿಯುವುದು ಲ್ಯಾಂಬ್ಟನ್ನನ ಆಸೆಯಾಗಿತ್ತು. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ಧ್ರುವಗಳಲ್ಲಿ ತುಸು ಚಪ್ಪಟೆ. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357. ಇಪ್ಪತ್ತೊಂದು ಕಿಲೋಮೀಟರಿನ ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿಯಲು ನೆರವಾದ ಅಳತೆಗಳಲ್ಲಿ ನಮ್ಮ ಬಯಲು, ನಮ್ಮ ಬೆಟ್ಟಗಳ ಮೇಲೆ ನಿಂತು ಮಾಡಿದ್ದೂ ಸೇರಿವೆ. ಇವತ್ತು ಪೈಲಟ್‌ನ ಮುಂದಿನ ಪರದೆ ‘ಇನ್ನು ಇಷ್ಟು ದೂರ’ ಎಂದು ತೋರಿಸುವಾಗ ಅದರ ಹಿಂದಿರುವುದು ಇದೇ ಭೂಮಿಯಳತೆಯ ಪರಂಪರೆ. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ ಕೂಡ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗವೇ, 1.852 ಕಿಲೋಮೀಟರ್. ಅವರ ಲೆಕ್ಕದಲ್ಲಿ ಮೈಸೂರು–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 7,600 ಮೈಲಿ.

ಇಷ್ಟೆಲ್ಲ ನಿಖರವಾಗಿ ಅಳೆದ ದಾರಿಯಲ್ಲಿ ವಿಮಾನ ಹೋಗುತ್ತದೆಯೇ? ಇಲ್ಲ.

ದಾರ ಟಿಬೆಟ್ಟಿನ ಮೇಲೆ ಹಾದುಹೋಯಿತಲ್ಲ, ಮೊದಲ ಅಡ್ಡಿ ಅಲ್ಲೇ. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ಪೈಲಟ್ ತಕ್ಷಣ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ಜನ ಮಾಮೂಲಾಗಿ ಉಸಿರಾಡಬಹುದು. ಮೇಲಿನಿಂದ ಬೀಳುವ ಹಳದಿ ಮಾಸ್ಕ್‌ನಲ್ಲಿ ಆಮ್ಲಜನಕ ಇರುವುದು ಕಾಲು ಗಂಟೆಯ ಆಸುಪಾಸು ಮಾತ್ರ. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೆಲ್ಲಿ? ಅದಕ್ಕೇ ಪ್ರಯಾಣಿಕರ ವಿಮಾನಗಳು ಆ ಪ್ರಸ್ಥಭೂಮಿಯನ್ನು ಆದಷ್ಟೂ ಬಳಸಿಕೊಂಡೇ ಹೋಗುತ್ತವೆ. ಎರಡೇ ಎಂಜಿನ್ ಇರುವ ವಿಮಾನಕ್ಕೆ ಇನ್ನೊಂದು ಕಟ್ಟಳೆಯಿದೆ. ಒಂದು ಎಂಜಿನ್ ನಿಂತರೆ ಉಳಿದೊಂದರಲ್ಲಿ ನಿಗದಿತ ಸಮಯದೊಳಗೆ ತಲುಪಬಲ್ಲ ವಿಮಾನ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿ, 216 ಪ್ರಯಾಣಿಕರ ಸಮೇತ ಅದು ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಯಾಕೆ ಮಗದಾನ್ ಎಂದು ಅಂದು ಬಹಳ ಜನ ಕೇಳಿದರು. ಆ ಗ್ಲೋಬಿನ ದಾರವನ್ನು ನೋಡಿದವರಿಗೆ ಉತ್ತರ ಗೊತ್ತು. ದಾರಿ ಹೋಗುವುದೇ ರಷ್ಯಾದ ಆ ಮೂಲೆಯ ಮೇಲೆ.

ಗಾಳಿಯದು ಇನ್ನೊಂದು ಕಥೆ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಉತ್ತರದ ನಡು ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಪ್ರವಾಹಗಳು ಹರಿಯುತ್ತಿರುತ್ತವೆ. ಧ್ರುವದ ಚಳಿಗೂ ಸಮಭಾಜಕದ ಬಿಸಿಗೂ ಇರುವ ಅಂತರ ಮತ್ತು ಭೂಮಿಯ ತಿರುಗುವಿಕೆ ಸೇರಿ ಹುಟ್ಟುವ ಈ ಜೆಟ್ ಸ್ಟ್ರೀಮ್‌ಗಳ ವೇಗ ಗಂಟೆಗೆ ನೂರರಿಂದ ಇನ್ನೂರು ಕಿಲೋಮೀಟರ್, ಚಳಿಗಾಲದಲ್ಲಿ ಅದಕ್ಕೂ ಜಾಸ್ತಿ. ಕಾವೇರಿಯ ಹರಿವಿಗೆ ಬಿಟ್ಟ ಹರಿಗೋಲಿಗೂ ಎದುರು ಹರಿವಿಗೆ ಹುಟ್ಟು ಹಾಕುವ ಹರಿಗೋಲಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಲಂಡನ್ನಿಗೆ ಹೋಗುವಾಗ ಹತ್ತೂವರೆ ಗಂಟೆ ಹಿಡಿದ ವಿಮಾನ ಬೆಂಗಳೂರಿಗೆ ಮರಳುವಾಗ ಸುಮಾರು ಒಂದು ಗಂಟೆ ಮೊದಲೇ ಬರುವುದು ಇದರಿಂದ. ಸ್ಯಾನ್ ಫ್ರಾನ್ಸಿಸ್ಕೊಗೆ ಇದು ತಿರುಗಾಮುರುಗಾ. ಹೋಗುವಾಗ ಪೂರ್ವಕ್ಕೆ ಹೊರಳಿ ಪೆಸಿಫಿಕ್ ಕಡೆಯಿಂದ ಗಾಳಿಯ ಬೆನ್ನೇರಿ ಹೋಗಬಹುದು. ಬರುವಾಗ ಅದೇ ಗಾಳಿ ಎದೆಗೆ ಒದೆಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಕ್ಷಿಣ ಭಾರತದ ನೆತ್ತಿಯ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೆಯೇ ಒಂದು ಜೆಟ್ ಸ್ಟ್ರೀಮ್ ಇದೆ. ಅದನ್ನು ಗುರುತಿಸಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಈ ಎದುರುಗಾಳಿಯ ಲೆಕ್ಕ ಎಲ್ಲರ ಕಣ್ಣಿಗೆ ಬಿತ್ತು. ಎರಡು ಊರುಗಳ ನಡುವಿನ ಆಕಾಶದೂರ 13,993 ಕಿ.ಮೀ. ಎಂದು ಸಂಸ್ಥೆಯೇ ಪ್ರಕಟಿಸಿತ್ತು. ಆದರೆ ಪತ್ರಿಕೆಗಳಲ್ಲೆಲ್ಲ 16,000 ಕಿ.ಮೀ. ಎಂದು ಬಂತು. ಗಾಳಿಯನ್ನು ತಪ್ಪಿಸಿಕೊಳ್ಳಲು ಆ ವಿಮಾನ ಉತ್ತರ ಧ್ರುವದ ಮೇಲಿನ ದಾರಿ ಹಿಡಿದಿತ್ತು. ಹತ್ತಿರದ ದಾರಿ ಧ್ರುವದವರೆಗೆ ಹೋಗುವುದೇ ಇಲ್ಲ, ಅದು 71 ಡಿಗ್ರಿಗೇ ನಿಂತು ಇಳಿಯುತ್ತದೆ ಎಂದು ಆಗಲೇ ನೋಡಿದೆವು. ದೂರ ಹೆಚ್ಚಾದರೂ ಎದುರುಗಾಳಿ ಕಡಿಮೆಯಿರುವ ದಾರಿಯಲ್ಲಿ ಇಂಧನ ಉಳಿಯುತ್ತದೆ. ಪೈಲಟ್‌ಗೆ ಬೇಕಿರುವುದು ಕಡಿಮೆ ಕಿಲೋಮೀಟರ್ ಅಲ್ಲ, ಕಡಿಮೆ ಇಂಧನ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಆ ವಿಮಾನದ ನಾಲ್ವರು ಪೈಲಟ್‌ಗಳೂ ಮಹಿಳೆಯರು. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಹದಿನೇಳು ಗಂಟೆಗೂ ಹೆಚ್ಚು ಹಾರಿ ಅವರು 11ರ ನಸುಕಿಗೆ ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಇಳಿದರು. ಇಷ್ಟು ಉದ್ದದ ಹಾರಾಟಕ್ಕೆ ಇಬ್ಬರು ಪೈಲಟ್‌ಗಳು ಸಾಲುವುದಿಲ್ಲ. ಇಬ್ಬರು ಮಲಗಿದಾಗ ಇಬ್ಬರು ಹಾರಿಸಬೇಕು.

ಆ ವಿಮಾನ ಬೋಯಿಂಗ್ 777–200 ಎಲ್ಆರ್ ಮಾದರಿಯದು. ನೆಲ ಬಿಡುವಾಗ ಅದರ ಗರಿಷ್ಠ ತೂಕ 347 ಟನ್. ತೊಟ್ಟಿ ತುಂಬ ಇಂಧನ ಹಾಕಿದರೆ ಅದರದೇ 145 ಟನ್. ಜನ, ಊಟ, ಹುಳಿಪುಡಿಯ ಪೆಟ್ಟಿಗೆ ಎಲ್ಲ ಸೇರಿದರೂ ಇಂಧನದ ಪಕ್ಕದಲ್ಲಿ ಹಗುರವೇ. ಮೊದಲ ಕೆಲವು ಗಂಟೆಗಳಲ್ಲಿ ಉರಿಯುವ ಇಂಧನದ ಒಂದು ದೊಡ್ಡ ಪಾಲು, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊತ್ತುಕೊಂಡು ಹೋಗುವುದಕ್ಕೇ ಖರ್ಚಾಗುತ್ತದೆ. ನಡುವೆ ಒಂದು ಕಡೆ ಇಳಿದು ತುಂಬಿಸಿಕೊಂಡು ಹೋಗುವ ಟಿಕೆಟ್ ಎಷ್ಟೋ ಸಲ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ. ದುಬೈ ಮೇಲೆ ಹೋದರೆ ಒಟ್ಟು ದೂರ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500. ಎರಡು ಸಾವಿರ ಕಿಲೋಮೀಟರ್ ಸುತ್ತು ಅಂದರೆ ಹಾರಾಟದಲ್ಲಿ ಎರಡು–ಎರಡೂವರೆ ಗಂಟೆ ಜಾಸ್ತಿ. ನಿಜವಾಗಿ ಹೊತ್ತು ತಿನ್ನುವುದು ಆ ಸುತ್ತಲ್ಲ, ನಡುವಿನ ನಿಲ್ದಾಣದಲ್ಲಿ ಕಾಯುವ ನಾಲ್ಕೈದು ಗಂಟೆ.

ದೇಶದೇಶಗಳ ಜಗಳವೂ ದಾರಿ ಬದಲಿಸುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು, ಭಾರತದವಕ್ಕೆ ಮುಚ್ಚಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವ ವಿಮಾನಗಳಿಗೆ ಇದರ ಪೆಟ್ಟು ಹೆಚ್ಚು, ಅರಬ್ಬಿ ಸಮುದ್ರದ ಮೇಲೆ ಹೋಗಬಲ್ಲ ಬೆಂಗಳೂರಿನ ವಿಮಾನಗಳಿಗೆ ಕಡಿಮೆ. ದೆಹಲಿಯಲ್ಲಿ ವಿಮಾನ ಬದಲಿಸುವ ಮೈಸೂರಿನವರು ಈ ಒಂದು ಸಂಗತಿಯನ್ನು ನೆನಪಿಡಬೇಕು. ಹೋದ ವರ್ಷ ಹಿಡಿದಷ್ಟೇ ಹೊತ್ತು ಈ ವರ್ಷವೂ ಹಿಡಿಯುತ್ತದೆ ಎಂಬ ಖಾತರಿಯಿಲ್ಲ.

ಇನ್ನು ಗಡಿಯಾರ. ನಮ್ಮ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದಿದೆ. ಚಳಿಗಾಲದ ಒಂದು ದಿನ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ಐದು. ಟಿಕೆಟ್ ಮೇಲಿನ ಎರಡು ವೇಳೆಗಳನ್ನು ಕಳೆದು ‘ಎರಡೂವರೆ ಗಂಟೆಯ ಪ್ರಯಾಣವೇ?’ ಎಂದು ಗಾಬರಿಯಾಗುವ ಹಿರಿಯರಿದ್ದಾರೆ. ಬರುವಾಗ ಕಳೆದುಹೋಗುವ ದಿನ ಇನ್ನೂ ಗಲಿಬಿಲಿ ಮಾಡುತ್ತದೆ. ಆ ಮೊದಲ ವಿಮಾನದ ಪ್ರಯಾಣಿಕರು 9ನೇ ತಾರೀಕು ಹತ್ತಿ 11ಕ್ಕೆ ಇಳಿದರು, 10ನೇ ತಾರೀಕು ಆಕಾಶದಲ್ಲೇ ಕಳೆಯಿತು. ವ್ರತ, ಶ್ರಾದ್ಧ, ಮದುವೆಯ ಮುಹೂರ್ತಕ್ಕೆಂದು ಬರುವವರು ಟಿಕೆಟ್ ತೆಗೆಯುವಾಗ ಹೊರಡುವ ತಾರೀಕನ್ನಲ್ಲ, ಇಳಿಯುವ ತಾರೀಕನ್ನು ನೋಡಬೇಕು. ಅಂದಹಾಗೆ, ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಹಾರಾಟದ್ದಷ್ಟೇ ಅಲ್ಲ. ಬಾಗಿಲು ಮುಚ್ಚಿ ವಿಮಾನ ಜಾಗ ಬಿಟ್ಟ ಕ್ಷಣದಿಂದ ಆಚೆ ಊರಿನಲ್ಲಿ ಜಾಗ ಸೇರುವವರೆಗಿನದು. ರನ್‌ವೇಗೆ ತೆವಳುವುದು, ಸರದಿಗೆ ಕಾಯುವುದು, ಇಳಿಯುವ ಮುನ್ನ ಸುತ್ತುವುದು ಎಲ್ಲ ಅದರಲ್ಲೇ ಸೇರಿವೆ. ಮೈಸೂರು–ಹೈದರಾಬಾದ್ 590 ಕಿ.ಮೀ. ಗಂಟೆಗೆ 500 ಕಿ.ಮೀ. ಹೋಗಬಲ್ಲ ಎಟಿಆರ್ ವಿಮಾನಕ್ಕೆ ಲೆಕ್ಕದ ಪ್ರಕಾರ ಒಂದು ಗಂಟೆ ಹತ್ತು ನಿಮಿಷ. ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು. ದೂರ ಕಡಿಮೆಯಾದಷ್ಟೂ ನೆಲದ ಮೇಲಿನ ಈ ಪಾಲು ದೊಡ್ಡದಾಗುತ್ತದೆ.

ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಎಪ್ಪತ್ತು ವರ್ಷದ ಹಿಂದೆ ಹೋದವರೊಬ್ಬರಿದ್ದಾರೆ. ಯಾದವಗಿರಿಯ ಆರ್.ಕೆ. ನಾರಾಯಣ್ 1956ರಲ್ಲಿ ರಾಕ್‌ಫೆಲ್ಲರ್ ಫೌಂಡೇಷನ್ನಿನ ನೆರವಿನಿಂದ ಅಮೆರಿಕಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೊದ ಎದುರು ದಡದ ಬರ್ಕ್ಲಿ ಊರಿನ ಹೋಟೆಲೊಂದರಲ್ಲಿ ಕೂತು ‘ದಿ ಗೈಡ್’ ಕಾದಂಬರಿ ಬರೆದರು. ಅಟ್ಲಾಂಟಿಕ್ ದಾಟುವ ಜೆಟ್ ವಿಮಾನಗಳ ನಿತ್ಯಸೇವೆ ಶುರುವಾಗಿದ್ದೇ 1958ರಲ್ಲಿ, ಏರ್ ಇಂಡಿಯಾ ಜೆಟ್ ನ್ಯೂಯಾರ್ಕ್ ಮುಟ್ಟಿದ್ದು 1960ರಲ್ಲಿ. ಅದಕ್ಕೂ ಮೊದಲು, 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ಕೈರೊ, ಜಿನೀವಾಗಳಲ್ಲಿ ಇಳಿದು ಹೋಗಿ ತಲುಪಿದ್ದು 10ನೇ ತಾರೀಕಿಗೆ. ಅಂದಿನಿಂದ ಇಂದಿಗೆ ಆಕಾಶದ ಪ್ರಯಾಣ ಎಷ್ಟೋ ಪಟ್ಟು ಚುರುಕಾಗಿದೆ. ಅದು ಇನ್ನು ಹೆಚ್ಚು ಚುರುಕಾಗುವ ಸೂಚನೆಯೂ ಇಲ್ಲ. ಅರುವತ್ತು ವರ್ಷದಿಂದ ಪ್ರಯಾಣಿಕರ ಜೆಟ್‌ಗಳ ವೇಗ ಒಂಬೈನೂರು ಕಿಲೋಮೀಟರಿನ ಆಸುಪಾಸಿನಲ್ಲೇ ನಿಂತಿದೆ. ಕಡಿಮೆ ಮಾಡಲು ಸಾಧ್ಯವಿರುವುದು ನೆಲದ ಮೇಲಿನ ಹೊತ್ತನ್ನು ಮಾತ್ರ.

ನೆಲದ ಮೇಲಿನ ಹೊತ್ತು ಅಂದರೆ ಮೈಸೂರಿನವರಿಗೆ ದೇವನಹಳ್ಳಿ. ಮಂಡಕಳ್ಳಿಯಿಂದ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ 156 ಕಿ.ಮೀ. ರಸ್ತೆಯಲ್ಲಿ ಮನೆಯಿಂದ 185ರ ಆಚೀಚೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ ಕೆಂಗೇರಿ ಕಡೆಯವರೆಗಿನ ದಾರಿಯನ್ನು ನಿಜಕ್ಕೂ ಹತ್ತಿರ ಮಾಡಿತು. ಆದರೆ ಆ ದಾರಿ ಎಲ್ಲಿ ಮುಗಿಯುತ್ತದೋ ಬೆಂಗಳೂರಿನ ದಟ್ಟಣೆ ಅಲ್ಲಿಂದಲೇ ಶುರು. ಊರನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಹೆಬ್ಬಾಳ ದಾಟಬೇಕು. ಇಲ್ಲವೇ ನೈಸ್ ರಸ್ತೆ ಹಿಡಿದು ನೆಲಮಂಗಲ, ದೊಡ್ಡಬಳ್ಳಾಪುರ ಸುತ್ತಬೇಕು. ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಹತ್ತಿ ನೆಮ್ಮದಿಯಾಗಿ ಕೂತರೂ ನಾಲ್ಕು–ನಾಲ್ಕೂವರೆ ಗಂಟೆ. ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಹಾರಿದವರು 2,700 ಕಿ.ಮೀ. ದಾಟಿ ದುಬೈನಲ್ಲಿ ಇಳಿದಿರುತ್ತಾರೆ. ಅದರ ಮೇಲೆ, ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಎಲ್ಲಿ ಟ್ರಾಫಿಕ್ ಕೈಕೊಡುತ್ತದೋ ಎಂಬ ಹೆದರಿಕೆಗೆ ಇನ್ನೂ ಒಂದು ಗಂಟೆ. ನಡುರಾತ್ರಿ ಎರಡು ಗಂಟೆಯ ವಿಮಾನಕ್ಕೆ ಮೈಸೂರಿನ ಹಿರಿಯರು ಸಂಜೆ ಆರಕ್ಕೆ ದೇವರಿಗೆ ದೀಪ ಹಚ್ಚಿ ಮನೆ ಬಿಡುತ್ತಾರೆ. ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ಕಾಲು ಊದಿಕೊಂಡಿರುತ್ತದೆ, ಹದಿನಾರು ಗಂಟೆಯ ಹಾರಾಟ ಇನ್ನು ಶುರುವಾಗಬೇಕು. ಎಲ್ಲ ಕೂಡಿಸಿದರೆ ನೇರ ವಿಮಾನವಾದರೂ ಸುಮಾರು ಇಪ್ಪತ್ತೈದು ಗಂಟೆ. ನೆರೆಮನೆಯವರು ಹೇಳಿದ ‘ಒಂದು ದಿನದ ಮೇಲೆ’ ಇದೇ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸರಿಯಾದ ಉತ್ತರವೂ ಅದೇ.

ಹಾಗಾದರೆ ಮಂಡಕಳ್ಳಿ? ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ ಆದ ನಿಲ್ದಾಣ ಅದು. ನವೀಕರಣಗೊಂಡು 2010ರಲ್ಲಿ ಮತ್ತೆ ತೆರೆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಿಸತೊಡಗಿ ಮರುವರ್ಷವೇ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಹೋಯಿತು. ಉಡಾನ್ ಯೋಜನೆಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಚೆನ್ನೈಗೆ, 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಗೋವಾ, ಕೊಚ್ಚಿ, ಹೈದರಾಬಾದ್‌ಗಳಿಗೆ. ಆಮೇಲೆ ಇಂಡಿಗೊ. ಬಂದವೆಲ್ಲ ಎಪ್ಪತ್ತು–ಎಂಬತ್ತು ಆಸನದ ಒಳಗಿನ ಪ್ರೊಪೆಲ್ಲರ್ ವಿಮಾನಗಳೇ. ಅದಕ್ಕೆ ಕಾರಣ ರನ್‌ವೇ. ಉದ್ದ 1,740 ಮೀಟರ್. ದೇವನಹಳ್ಳಿಯಲ್ಲಿ 4,000. ಕೊಡಗಿನ ಗಡಿಯಾಚೆ, 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣದಲ್ಲಿ 3,050. ಕಣ್ಣೂರಿನಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನವಿದೆ, ಮೈಸೂರಿನಂಥ ಊರಿಗೆ ಇಲ್ಲ.

ಎತ್ತರದ ಊರಿನಲ್ಲಿ ರನ್‌ವೇ ಇನ್ನೂ ಉದ್ದ ಬೇಕು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮಂಡಕಳ್ಳಿ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಏಪ್ರಿಲ್ ಬಿಸಿಲಿಗೆ ಇನ್ನಷ್ಟು ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುಗೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ನೆಲ ಬಿಡಲು ವಿಮಾನ ಹೆಚ್ಚು ವೇಗ ಪಡೆಯಬೇಕು, ಅಂದರೆ ಹೆಚ್ಚು ದೂರ ಓಡಬೇಕು. ಇಪ್ಪತ್ತಮೂರು ಟನ್ನಿನ ಎಟಿಆರ್‌ಗೆ ಈಗಿನ ಉದ್ದ ಸಾಕು. ಎಪ್ಪತ್ತೆಂಟು ಟನ್ನಿನವರೆಗೆ ತೂಗುವ ಏರ್‌ಬಸ್ ಎ320ಗೆ, ಅದೂ ದೆಹಲಿಯವರೆಗೆ ಹೋಗುವಷ್ಟು ಇಂಧನ ತುಂಬಿಕೊಂಡರೆ, ಸಾಲದು. ರನ್‌ವೇಯನ್ನು 2,750 ಮೀಟರಿಗೆ ಏರಿಸುವ ಪ್ರಸ್ತಾವ ಬಹಳ ವರ್ಷಗಳಿಂದ ಇದೆ. ಅಡ್ಡ ಬಂದಿರುವುದು ಭೂಮಿ, ನಂಜನಗೂಡು ಹೆದ್ದಾರಿ ಮತ್ತು ಚಾಮರಾಜನಗರದ ರೈಲುಹಳಿ. ಹೆದ್ದಾರಿಯನ್ನು ರನ್‌ವೇಯ ಅಡಿಯಲ್ಲಿ ಸುರಂಗದಂತೆ ದಾಟಿಸುವ ಮಾತು ಒಮ್ಮೆ ನಡೆಯಿತು, ಬಳಸಿ ತಿರುಗಿಸುವ ಮಾತು ಇನ್ನೊಮ್ಮೆ ನಡೆಯಿತು.

ಉದ್ದವಾದರೆ ಮೈಸೂರಿನಿಂದ ಅಮೆರಿಕಕ್ಕೆ ನೇರ ವಿಮಾನ ಬರುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. 347 ಟನ್ನಿನ ವಿಮಾನಕ್ಕೆ ಆ ರನ್‌ವೇಯೂ ಸಾಲದು, ತುಂಬಿಸುವಷ್ಟು ಜನವೂ ದಿನಾ ಸಿಗುವುದಿಲ್ಲ. ಆಗಬಹುದಾದ ಉಪಕಾರ ಬೇರೆ. ಮಂಡಕಳ್ಳಿಯಲ್ಲಿ ಪೆಟ್ಟಿಗೆ ಕೊಟ್ಟು, ದೆಹಲಿಯಲ್ಲೋ ಮುಂಬಯಿಯಲ್ಲೋ ಕೊಲ್ಲಿಯ ಒಂದು ಊರಿನಲ್ಲೋ ಒಮ್ಮೆ ವಿಮಾನ ಬದಲಿಸಿ, ಮಗಳ ಊರಿಗೆ ಇಳಿಯಬಹುದು. ಕುವೆಂಪುನಗರದಿಂದ ನಿಲ್ದಾಣಕ್ಕೆ ಅರ್ಧ ಗಂಟೆ. ಒಟ್ಟು ಅವಧಿ ನಾಲ್ಕೈದು ಗಂಟೆ ಇಳಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಬೆಂಗಳೂರಿನ ರಸ್ತೆಯ ಆತಂಕ ತಪ್ಪುತ್ತದೆ. ಮೈಸೂರು–ಬೆಂಗಳೂರು ನಡುವಿನ ಪುಟ್ಟ ವಿಮಾನಗಳು ಉಳಿಯದೆ ಹೋದದ್ದು ನನಗೆ ಅಚ್ಚರಿಯಲ್ಲ. ಹೊರದೇಶದ ವಿಮಾನಗಳು ಹೆಚ್ಚಾಗಿ ಹೊರಡುವುದು ನಡುರಾತ್ರಿಯಿಂದ ನಸುಕಿನವರೆಗೆ. ಹಗಲು ದೇವನಹಳ್ಳಿಯಲ್ಲಿ ಇಳಿಸಿ ರಾತ್ರಿಯವರೆಗೆ ಕೂರಿಸುವ ವಿಮಾನ ಯಾರಿಗೂ ಬೇಕಿರಲಿಲ್ಲ.

ರನ್‌ವೇ ಆಗುವವರೆಗೆ ಮಾಡಬಹುದಾದ ಇನ್ನೊಂದು ಕೆಲಸ ರೈಲಿನದು. ಮೈಸೂರು–ಬೆಂಗಳೂರು ಜೋಡಿ ಹಳಿ, ವಿದ್ಯುದೀಕರಣ ಎರಡೂ ಮುಗಿದಿವೆ. ದೇವನಹಳ್ಳಿ ಮಾರ್ಗದಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ 2021ರ ಜನವರಿಯಿಂದ ಒಂದು ಹಾಲ್ಟ್ ಸ್ಟೇಷನ್ ಇದೆ. ಸಂಜೆ ಮೈಸೂರು ಬಿಟ್ಟು ರಾತ್ರಿ ಹತ್ತರೊಳಗೆ ಆ ಹಾಲ್ಟ್ ಮುಟ್ಟುವ, ನಸುಕಿಗೆ ಅಲ್ಲಿಂದ ಹೊರಟು ಬೆಳಗಿನ ಕಾಫಿಗೆ ಮೈಸೂರು ತಲುಪಿಸುವ ಒಂದು ಜೋಡಿ ನೇರ ರೈಲು, ಹಾಲ್ಟ್‌ನಿಂದ ಟರ್ಮಿನಲ್‌ಗೆ ಪೆಟ್ಟಿಗೆ ಸಮೇತ ಹತ್ತಬಹುದಾದ ಬಸ್ಸು. ಇದಕ್ಕೆ ಹೊಸ ಭೂಮಿ ಬೇಡ, ಸುರಂಗ ಬೇಡ.

ಟಿಕೆಟ್ ತೆಗೆಯುವ ಓದುಗರಿಗೆ ಒಂದು ಮಾತು. ಹಾರಾಟದ ಅವಧಿ ನೋಡಿ ಆಯ್ಕೆ ಮಾಡಬೇಡಿ. ಮನೆಯ ಬಾಗಿಲಿಂದ ಬಾಗಿಲಿಗೆ ಎಷ್ಟು ಗಂಟೆ ಎಂದು ಕಾಗದದ ಮೇಲೆ ಬರೆದು ಕೂಡಿಸಿ. ವಯಸ್ಸಾದವರಾದರೆ ನಡುವೆ ಮೂರು ಗಂಟೆಯಾದರೂ ಬಿಡುವಿರುವ ಒಂದೇ ನಿಲುಗಡೆಯ ಟಿಕೆಟ್ ತೆಗೆದು, ಗಾಲಿಕುರ್ಚಿಯನ್ನು ಟಿಕೆಟ್ ಜೊತೆಗೇ ಕೇಳಿಡಿ. ಹಾರಾಟದಲ್ಲಿ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಮೈಸೂರು ಜಿಲ್ಲಾಡಳಿತ, ವಿಮಾನ ನಿಲ್ದಾಣ ಪ್ರಾಧಿಕಾರ, ಹೆದ್ದಾರಿ ಮತ್ತು ರೈಲ್ವೆ ಇಲಾಖೆಗಳಿಗೂ ಒಂದು ಕೋರಿಕೆ. ಮಂಡಕಳ್ಳಿಯ ರನ್‌ವೇಗೆ ಭೂಮಿ ಯಾವ ತಿಂಗಳು ಕೈಸೇರುತ್ತದೆ, ಹೆದ್ದಾರಿ ಯಾವ ತಿಂಗಳು ತಿರುಗುತ್ತದೆ, ಕಾಮಗಾರಿ ಯಾವ ತಿಂಗಳು ಶುರುವಾಗುತ್ತದೆ ಎಂಬ ಮೂರು ದಿನಾಂಕಗಳನ್ನು ಊರಿನ ಜನರ ಮುಂದೆ ಪ್ರಕಟಿಸಿ.